ರೈತ: (ಸಂತೋಷದಿಂದ)

ಶಿವಮೊಗ್ಗೆಯಿಂದ ಸಾಗರದ ಕಡೆಗೆ ಹೊರಟ ಬಸ್ಸಿನಲ್ಲಿ ಕುಳಿತವರಿಗೆ, ಬಂತು ಎನ್ನುವಷ್ಟರಲ್ಲಿ ಕಳೆದುಹೋಗುವ ಊರು ನಮ್ಮ ಆಯನೂರು. ಇದರ ಆಸುಪಾಸಿನಲ್ಲಿ ಕಳೆದ ತಿಂಗಳು ಒಂದು ರಾಜ್ಯ ಸ್ಥಾಪನೆಯಾಯಿತು. ಅದಕ್ಕೊಬ್ಬ ರಾಜ, ಒಬ್ಬ ರಾಜಗುರು, ಸೇನಾಪತಿ, ಶ್ರೇಷ್ಠಿ, ಕಮ್ಮಾರ, ರೈತ, ಮತ್ತು ಹೆಸರಿಲ್ಲದ ಹತ್ತು ಮಂದಿ ಪ್ರಜೆಗಳು. ಒಂದೂವರೆ ಗಂಟೆಯ ಕಾಲ ಬಾಳಿ ಆ ರಾಜ್ಯ ಅಳಿಯಿತು. ಶಾಲೆಯೊಂದರ ವಾರ್ಷಿಕೋತ್ಸವದ ನಾಟಕ ಅದು.

ನಾಟಕ ಬರೆದ ಮೇಷ್ಟರು ಒಳ್ಳೆಯವರು, ಹುರುಪಿನ ವಯಸ್ಸಿನವರು. ಹಸ್ತಪ್ರತಿಯನ್ನು ನನ್ನ ಮುಂದಿಟ್ಟು, "ಸಾರ್, ಭಾಷೆ ಒಂದಿಷ್ಟು ತಿದ್ದಿಕೊಡಬೇಕು" ಎಂದರು. ಹಳೆಯ ಕಾವ್ಯದ ನಾಲ್ಕು ಮಾತು ಬಲ್ಲ ಮುದುಕನೊಬ್ಬ ಊರಿನಲ್ಲಿದ್ದರೆ ಅವನಿಗೆ ಇಂಥ ಶಿಕ್ಷೆ ತಪ್ಪಿದ್ದಲ್ಲ. ಭಾಷೆಯನ್ನೇನೋ ತಿದ್ದಿದೆ. "ಭೂಪಾಲಕರೇ" ಎಂದಿದ್ದ ಕಡೆ "ಮಹಾಪ್ರಭು" ಮಾಡಿದೆ. ಅರಮನೆಯ ದ್ವಾರಪಾಲಕನಿಂದ "ಓಕೆ" ತೆಗೆಸಿದೆ. ಆದರೆ ಮೂರನೆಯ ಪುಟದಲ್ಲಿ ನನ್ನ ಲೇಖನಿ ನಿಂತುಬಿಟ್ಟಿತು. ಅಲ್ಲಿ ಹೀಗಿತ್ತು:

ರೈತ: (ಸಂತೋಷದಿಂದ) ಮಹಾಪ್ರಭು, ಬೆಳೆದುದನ್ನೆಲ್ಲ ತಮ್ಮ ಪಾದಕ್ಕೆ ತಂದಿದ್ದೇನೆ.

"ಮೇಷ್ಟರೇ, ಈ ಕಂಸದೊಳಗಿನ ಮಾತೊಂದನ್ನು ಹೊಡೆದುಹಾಕಿ. ಮಿಕ್ಕದ್ದು ಹೇಗಾದರೂ ಇರಲಿ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಸಾರ್, ಇದು ಎಲ್ಲೂ ಇಲ್ಲದ ರಾಜ್ಯ, ಫ್ಯಾಂಟಸಿ. ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ರಾಜ ಕಾಯುತ್ತಾನೆ, ಗುರು ತಿಳಿಹೇಳುತ್ತಾನೆ, ಸೈನಿಕ ಹೋರಾಡುತ್ತಾನೆ, ರೈತ ಉಣಿಸುತ್ತಾನೆ. ದೇಹದ ಅಂಗಾಂಗ ಇದ್ದ ಹಾಗೆ. ಯಾರೂ ಯಾರ ಮೇಲೂ ಅಸೂಯೆ ಪಡುವುದಿಲ್ಲ. ಮಕ್ಕಳಿಗೆ ಇದೇ ಸಂದೇಶ" ಎಂದು ವಿವರಿಸಿದರು.

ಇದು ಅವರೊಬ್ಬರ ತಪ್ಪಲ್ಲ. ಇಂಥ ರಾಜ್ಯಗಳು ಈಗ ಮಳೆಗಾಲದ ಅಣಬೆಯಂತೆ ಎದ್ದಿವೆ. ಸಿನಿಮಾದಲ್ಲಿ, ಧಾರಾವಾಹಿಯಲ್ಲಿ, ದಪ್ಪ ದಪ್ಪ ಕಾದಂಬರಿಗಳಲ್ಲಿ, ಮಕ್ಕಳು ಮೊಬೈಲಿನಲ್ಲಿ ಕಟ್ಟಿ ಕೆಡವುವ ಆಟಗಳಲ್ಲಿ ಎಲ್ಲೆಲ್ಲೂ ಕೋಟೆ, ಕಿರೀಟ, ಕತ್ತಿ. ಮನುಷ್ಯ ಕನಸು ಕಾಣಬಾರದೆಂದು ಹೇಳುವಷ್ಟು ಅರಸಿಕ ನಾನಲ್ಲ. ಕುದುರೆಗೆ ರೆಕ್ಕೆ ಬರಲಿ, ಕತ್ತಿ ಮಾತಾಡಲಿ, ಬೇಡವೆಂದವರಾರು? ನನ್ನ ತಕರಾರು ಬೇರೆ. ಕುದುರೆಗೆ ರೆಕ್ಕೆ ಕಟ್ಟಬಲ್ಲ ಕಲ್ಪನೆಗೆ, ರೈತನೊಬ್ಬ ಹುಬ್ಬು ಗಂಟಿಕ್ಕಿ ರಾಶಿಯ ಮುಂದೆ ನಿಂತಾನೆಂದು ಮಾತ್ರ ಏಕೆ ತೋಚುವುದಿಲ್ಲ? ಅಂಗಾಂಗಗಳ ಉಪಮೆಯನ್ನು ಹೇಳುತ್ತ ಬಂದವರು ಯಾವಾಗಲೂ ತಲೆಯ ಕಡೆಯವರೇ. ಕಾಲು ಆ ಮಾತನ್ನು ಆಡಿದ್ದನ್ನು ನಾನಂತೂ ಕೇಳಿಲ್ಲ.

ಎಲ್ಲೂ ಇಲ್ಲದ ರಾಜ್ಯವನ್ನು ಹುಡುಕಿಕೊಂಡು ಮೇಷ್ಟರು ಅಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ಶಾಲೆಯ ಮುಂದೆ ನಿಲ್ಲುವ ಬಸ್ಸು ಹತ್ತಿದರೆ ಕುಂಸಿ, ಆನಂದಪುರ ದಾಟಿ ಸಾಗರಕ್ಕೆ ಒಯ್ಯುತ್ತದೆ. ಅಲ್ಲಿಂದ ಒಂದು ಕಡೆಗೆ ಇಕ್ಕೇರಿ, ಇನ್ನೊಂದು ಕಡೆಗೆ ಕೆಳದಿ. 1499ರ ಸುಮಾರಿನಿಂದ 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೆ ಈ ಸೀಮೆಯನ್ನಾಳಿದ ಮನೆತನದ ನೆಲ ಅದು. ರಾಜ, ರಾಜಗುರು, ಸೇನಾಪತಿ, ಶ್ರೇಷ್ಠಿ ಎಲ್ಲರೂ ಅಲ್ಲಿದ್ದರು. ರೈತನೂ ಇದ್ದ. ಸ್ವಾರಸ್ಯವೇನೆಂದರೆ ಆ ವಂಶದ ಮೊದಲಿಗರೇ ಒಕ್ಕಲುಮಕ್ಕಳು. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರು ಆರು ಕಟ್ಟುತ್ತಿದ್ದವರು. ಉಳುವಾಗ ಹೊಲದಲ್ಲಿ ಕತ್ತಿ ಸಿಕ್ಕಿತೆಂದು ಕಥೆ. ನೇಗಿಲಿನಿಂದ ಕತ್ತಿಗೆ ಬಂದವರು ಮತ್ತೆ ನೇಗಿಲಿನ ಕಡೆ ತಿರುಗಿ ನೋಡುವುದು ಕಷ್ಟವೆಂದು ತೋರುತ್ತದೆ.

ಅದಕ್ಕಿಂತ ಮುಖ್ಯವಾದ ಕಥೆ ಇನ್ನೊಂದುಂಟು. ಕೆಳದಿಯ ಐತಿಹ್ಯ ಬಲ್ಲವರಿಗೆಲ್ಲ ಗೊತ್ತಿರುವಂಥದು. ಅಣ್ಣತಮ್ಮಂದಿರಿಗೆ ನಿಧಿಯೊಂದರ ಸುಳಿವು ಸಿಕ್ಕಿತಂತೆ. ನಿಧಿಯೇಳಬೇಕಾದರೆ ನರಬಲಿ ಬೇಕು. ಮನೆಯಲ್ಲಿ ಎಡವ, ಮುರಾರಿ ಎಂಬ ಇಬ್ಬರು ಆಳುಗಳಿದ್ದರು. ಅವರಾಗಿಯೇ ಮುಂದೆ ಬಂದು, ನಮ್ಮನ್ನು ಕೊಡಿ, ನಮ್ಮ ಹೆಸರು ಮಾತ್ರ ಉಳಿಯುವಂತೆ ಮಾಡಿ ಎಂದರಂತೆ. ಒಡೆಯರು ಮಾತಿಗೆ ತಪ್ಪಲಿಲ್ಲ. ಮುಂದೆ ಆ ವಂಶದ ಅರಸರೆಲ್ಲ "ಎಡವ ಮುರಾರಿ" ಎಂಬ ಬಿರುದನ್ನು ಧರಿಸಿದರು. ಎರಡೂವರೆ ಶತಮಾನ ಕಾಲ, ವಂದಿಮಾಗಧರು ಹೊಗಳುವಾಗಲೆಲ್ಲ, ಕೊರಳು ಕೊಟ್ಟ ಇಬ್ಬರು ಜೀತಗಾರರ ಹೆಸರು ಅರಸನ ಹೆಸರಿನ ಹಿಂದೆ ಮೊಳಗಿತು.

ಇದನ್ನು ಸ್ವಾಮಿಭಕ್ತಿಯ ಕಥೆಯೆಂದು ನಾನು ಬಾಲ್ಯದಲ್ಲಿ ಕೇಳಿದ್ದೆ, ಕೇಳಿ ಕಣ್ಣೀರಿಟ್ಟಿದ್ದೆ. ಈಗ ಓದಿದರೆ ಬೇರೆಯೇ ಪ್ರಶ್ನೆಗಳು ಏಳುತ್ತವೆ. ನಿಧಿ ಬೇಕಾಗಿದ್ದವರು ಇಬ್ಬರು, ಸತ್ತವರು ಬೇರೆ ಇಬ್ಬರು. ಒಪ್ಪಿ ಸತ್ತರು ಎಂದು ನಮಗೆ ಹೇಳಿದವರು ಯಾರು? ನಿಧಿ ಪಡೆದವರ ಕಡೆಯವರು. ಒಲ್ಲೆನೆಂದು ಹೇಳುವ ದಾರಿ ಮನೆಯ ಆಳಿಗೆ ಇತ್ತೇ? ನಮ್ಮ ಮಲೆನಾಡಿನ ಕಡೆ ಹಿಂದೆ "ಹುಟ್ಟಾಳು", "ಮಣ್ಣಾಳು" ಎಂಬ ಮಾತುಗಳಿದ್ದವು. ಮನೆಯಲ್ಲಿ ಆಳಾಗಿಯೇ ಹುಟ್ಟಿದವನು ಹುಟ್ಟಾಳು. ಗದ್ದೆ ಮಾರಿದಾಗ ಗದ್ದೆಯ ಜೊತೆಯಲ್ಲೇ ಮಾರಾಟವಾಗುವವನು ಮಣ್ಣಾಳು. ಇಂಥ ಮಾತುಗಳಿದ್ದ ನಾಡಿನಲ್ಲಿ "ಸ್ವ ಇಚ್ಛೆ" ಎಂಬುದಕ್ಕೆ ಏನು ಅರ್ಥ? ಕಥೆ ಕಟ್ಟಿದವರು ಕಂಸದೊಳಗೆ ಬರೆದುಕೊಂಡ ಮಾತು ಅದು: ಎಡವ, ಮುರಾರಿ: (ಸಂತೋಷದಿಂದ).

ಇದು ಐತಿಹ್ಯ, ಇತಿಹಾಸವಲ್ಲ ಎಂದು ವಿದ್ವಾಂಸರು ಆಕ್ಷೇಪಿಸಬಹುದು. ಹಾಗಾದರೆ ಕಣ್ಣಾರೆ ಕಂಡವನ ಮಾತು ಕೇಳೋಣ. ವೆಂಕಟಪ್ಪನಾಯಕನ ಕಾಲದಲ್ಲಿ, 1623ರಲ್ಲಿ, ಪಿಯೆತ್ರೋ ಡೆಲ್ಲಾ ವಲ್ಲೆ ಎಂಬ ರೋಮಿನ ಪ್ರವಾಸಿ ಪೋರ್ಚುಗೀಸರ ರಾಯಭಾರಿಯ ಜೊತೆಗೂಡಿ ಇಕ್ಕೇರಿಗೆ ಬಂದಿದ್ದ. ಅರಸ, ಆಸ್ಥಾನ, ದೇವಸ್ಥಾನ ಎಲ್ಲವನ್ನೂ ಅವನು ಬಣ್ಣಿಸಿದ್ದಾನೆ. ಹುಡುಗರು ಮರಳ ಮೇಲೆ ಬೆರಳಿನಿಂದ ಬರೆದು ಲೆಕ್ಕ ಕಲಿಯುವುದನ್ನೂ ನೋಡಿ ಮೆಚ್ಚಿದ್ದಾನೆ. ಅದೇ ಇಕ್ಕೇರಿಯಲ್ಲಿ ಅವನು ಒಬ್ಬ ಹೆಂಗಸನ್ನು ಕಂಡ. ನಗಾರಿ ಬಾರಿಸುವವನೊಬ್ಬನ ವಿಧವೆ, ಸಹಗಮನಕ್ಕೆ ಸಿದ್ಧಳಾಗಿದ್ದಳು. ಅವನ ಕಿವಿಗೆ ಬಿದ್ದ ಹೆಸರು ಜಿಯಾಕ್ಕಮ. ನಮ್ಮ ಜಕ್ಕಮ್ಮನೇ ಇರಬೇಕು. ಅವನು ಅವಳ ಮನೆಗೇ ಹೋಗಿ, ಬೇಡವೆಂದು ಹೇಳಿ ನೋಡಿದ. ನನ್ನ ಇಚ್ಛೆಯಿಂದಲೇ ಹೊರಟಿದ್ದೇನೆ, ಯಾರ ಬಲವಂತವೂ ಇಲ್ಲ ಎಂದಳಂತೆ.

ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲದಲ್ಲಿ ಕೆಳದಿ ನಾಯಕರು ಅಡ್ಡಬಿದ್ದಿರುವ ಆಕೃತಿಗಳಿವೆ, ಹೆಸರು ಸಮೇತ. ತಮ್ಮ ವಿನಯವನ್ನೂ ಕಲ್ಲಿನಲ್ಲಿ ಕೆತ್ತಿಸಿಡುವ ಅನುಕೂಲ ಅವರಿಗಿತ್ತು. ಅದೇ ಊರಿನ ನಗಾರಿಯವನ ಹೆಂಡತಿಯ ಹೆಸರು ಉಳಿಯಬೇಕಾದರೆ ಏಳು ಸಮುದ್ರ ದಾಟಿ ಒಬ್ಬ ಪರದೇಶಿ ಬರಬೇಕಾಯಿತು, ಅದೂ ಅಪಭ್ರಂಶವಾಗಿ. ಅವಳು ಹೇಳಿದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ಅವಳು ನಿಜವಾಗಿಯೂ ಹಾಗೆಯೇ ಭಾವಿಸಿದ್ದಿರಬಹುದು. ರಾಜ್ಯವೊಂದು ತನ್ನ ಕೆಳಗಿನವರಿಂದ ಪಡೆಯುವ ಕೊನೆಯ ಕಂದಾಯ ಅದೇ.

ಕಂದಾಯದ ಮಾತು ಬಂದ ಮೇಲೆ ಶಿವಪ್ಪನಾಯಕನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೋದರೆ ಶಿವಮೊಗ್ಗೆಯ ಜನ ನನ್ನನ್ನು ತುಂಗೆಗೆ ತಳ್ಳಿಯಾರು. ಅವನು ದೊಡ್ಡ ಅರಸ. ಅದರಲ್ಲಿ ನನಗೂ ಸಂದೇಹವಿಲ್ಲ. 1645ರಿಂದ 1660ರವರೆಗೆ ಆಳಿದ ಅವನ "ಶಿಸ್ತು" ಇಂದಿಗೂ ಗಾದೆಯಂತೆ ಜನರ ಬಾಯಲ್ಲಿದೆ. ಹನ್ನೆರಡು ವರ್ಷ ಕಾಲ ಒಂದೊಂದು ಬಗೆಯ ನೆಲವನ್ನೂ ಸಾಗು ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿ, ಆಮೇಲೆ ಕಂದಾಯ ಗೊತ್ತುಮಾಡಿದನೆಂದು ಹೇಳಿಕೆ. ಮಣ್ಣನ್ನೂ ನೀರನ್ನೂ ನೋಡಿ ಭೂಮಿಯನ್ನು ಐದು ವರ್ಗ ಮಾಡಿದ. ಬೆಳೆಯಲ್ಲಿ ಮೂರರಲ್ಲೊಂದು ಪಾಲು ಅರಮನೆಗೆ. ಮನಸ್ಸಿಗೆ ಬಂದಂತೆ ದೋಚುವ ಅರಸರ ಕಾಲದಲ್ಲಿ ಲೆಕ್ಕವಿಟ್ಟು ಕೇಳಿದ್ದು ಸಣ್ಣ ಮಾತಲ್ಲ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಇಂದು ಅವನ ಹೆಸರಿರುವುದು ಉಚಿತವೇ ಆಗಿದೆ.

ಆದರೆ ಶಿಸ್ತು ನೆಲವನ್ನು ಪ್ರಶ್ನಿಸಿತು, ನೆಲದ ಮೇಲೆ ನಿಂತವನನ್ನಲ್ಲ. ಈ ಗದ್ದೆ ಎಷ್ಟು ಕೊಡಬಲ್ಲದು ಎಂದು ಕೇಳಿತು. ಈ ಗದ್ದೆಯನ್ನು ಉತ್ತವನಿಗೆ ಎಷ್ಟು ಮಿಗುತ್ತದೆ ಎಂದು ಕೇಳಲಿಲ್ಲ. ಮೂರರಲ್ಲೊಂದು ಅರಮನೆಗೆ ಸರಿ. ಉಳಿದ ಎರಡು ಯಾರಿಗೆ? ನಮ್ಮ ಮೇಷ್ಟರ ನಾಟಕದಲ್ಲಿ ರೈತ ಎಂಬುದು ಒಂದೇ ಪಾತ್ರ. ನಿಜವಾದ ರಾಜ್ಯದಲ್ಲಿ ಆ ಹೆಸರಿನೊಳಗೆ ಮೂವರು ನಾಲ್ವರು ಒಬ್ಬರ ಹೆಗಲ ಮೇಲೊಬ್ಬರು ಕುಳಿತಿದ್ದರು: ನೆಲದ ಒಡೆಯ, ಅವನ ಕೆಳಗೆ ಗೇಣಿದಾರ, ಅವನ ಕೆಳಗೆ ಆಳು, ಆಳಿನ ಜೊತೆಗೆ ಅವನ ಹೆಂಡತಿ ಮಕ್ಕಳು. ಅರಸನಿಗೆ ಮೇಲೆ ಕುಳಿತವನ ಮುಖ ಮಾತ್ರ ಕಾಣುತ್ತಿತ್ತು. ಆ ಮುಖದಲ್ಲಿ ಸಂತೋಷವಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದರೆ, ಹೇಳುತ್ತೇನೆ. ನಾನು ಮೇಲೆ ಕುಳಿತವರ ಮನೆಯವನು.

ನಮ್ಮದು ಶಾನುಭೋಗರ ಮನೆ. ಹಳೆಯ ಗ್ರಾಮವ್ಯವಸ್ಥೆಯಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಅಗಸ, ಕುಂಬಾರ ಮೊದಲಾದ ಹನ್ನೆರಡು ಮಂದಿ ಆಯಗಾರರು. ಸಂಬಳವಿಲ್ಲ, ಸುಗ್ಗಿಯ ಕಣದಲ್ಲಿ ಪಾಲು, ಅದಕ್ಕೆ ಆಯವೆಂದು ಹೆಸರು. (ಊರಿನ ಹೆಸರಿಗೂ ಈ ಆಯಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಅಂಥ ಧೈರ್ಯವನ್ನು ಶಬ್ದಶಾಸ್ತ್ರಜ್ಞರಿಗೆ ಬಿಟ್ಟಿದ್ದೇನೆ.) ಒಬ್ಬೊಬ್ಬರಿಗೂ ಒಂದೊಂದು ಪಾತ್ರ, ಒಬ್ಬೊಬ್ಬರಿಗೂ ಒಂದೊಂದು ಪಾಲು ಎಂಬ ಮೇಷ್ಟರ ಸಿದ್ಧಾಂತ ಇಲ್ಲಿ ಕಣ್ಣಿಗೆ ಕಾಣುವಂತಿತ್ತು. ಆದರೆ ಕಣದಲ್ಲಿ ನಿಂತು ನೋಡಿದವರಿಗೆ ಇನ್ನೊಂದು ಸಂಗತಿಯೂ ಕಾಣುತ್ತಿತ್ತು. ದೇವರಿಗೆ, ಒಡೆಯರಿಗೆ, ಗೌಡರಿಗೆ, ನಮಗೆ, ಕಮ್ಮಾರ ಬಡಗಿಗಳಿಗೆ ಎಂದು ರಾಶಿ ಕರಗುತ್ತ ಹೋಗಿ, ಕಟ್ಟಕಡೆಗೆ ನೆಲ ಗುಡಿಸಿ ಬಂದದ್ದು ತೋಟಿಗೆ. ಪಾಲು ಎಲ್ಲರಿಗೂ ಇತ್ತು, ನಿಜ. ಸರದಿಯೂ ಇತ್ತು.

ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ "ಒಂದು" ಎನ್ನುವ ಪದ್ಧತಿಯಿಲ್ಲ, "ಲಾಭ" ಎನ್ನಬೇಕು. ಲಾಭ, ಎರಡು, ಮೂರು, ನಾಲ್ಕು. ನಮ್ಮ ಅಜ್ಜ ಅದನ್ನು ರಾಗವಾಗಿ ಹೇಳುತ್ತಿದ್ದರು. ಆ ರಾಗ ಇಂದಿಗೂ ನನ್ನ ಕಿವಿಯಲ್ಲಿದೆ. ಯಾರಿಗೆ ಲಾಭ ಎಂದು ಕೇಳುವ ಬುದ್ಧಿ ಮಾತ್ರ ಬಹಳ ವರ್ಷ ನನಗೆ ಬರಲಿಲ್ಲ.

ನಮ್ಮ ಅಟ್ಟದಲ್ಲಿ ಹಿತ್ತಾಳೆಯ ಪಟ್ಟಿ ಬಿಗಿದ ಎರಡು ಮರದ ಕೊಳಗಗಳಿವೆ. ಹೊರಗಿನಿಂದ ನೋಡಿದರೆ ಅವಳಿಜವಳಿ. ಒಂದರ ತಳ ದಪ್ಪ, ಇನ್ನೊಂದರ ತಳ ತೆಳು. ಒಂದು ಕೊಡುವ ಕೊಳಗ, ಇನ್ನೊಂದು ಕೊಳ್ಳುವ ಕೊಳಗ. ಬೀಜಕ್ಕೋ ಆಷಾಢದ ಹಸಿವಿಗೋ ಭತ್ತ ಸಾಲ ಕೇಳಿ ಬಂದವರಿಗೆ ಮೊದಲನೆಯದು. ಗೇಣಿ ಅಳೆಯುವಾಗ ಎರಡನೆಯದು. ಈ ಸಲ ನಾಟಕದ ನೆಪದಲ್ಲಿ ಅವನ್ನು ಕೆಳಗಿಳಿಸಿ, ಮೊಮ್ಮಗಳನ್ನು ಕೂರಿಸಿಕೊಂಡು, ಎರಡಕ್ಕೂ ಅಕ್ಕಿ ತುಂಬಿ ಅಳೆದೆ. ಅರ್ಧ ಸೇರಿನ ವ್ಯತ್ಯಾಸ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ; ಎಂದರೆ ಖಂಡುಗಕ್ಕೆ ಹತ್ತು ಸೇರು. ಅಜ್ಜ ದುಷ್ಟರಾಗಿರಲಿಲ್ಲ. ತ್ರಿಕಾಲ ಸಂಧ್ಯಾವಂದನೆ ಮಾಡುತ್ತಿದ್ದರು, ಹಸಿದು ಬಂದವರಿಗೆ ಊಟವಿಕ್ಕದೆ ಕಳಿಸುತ್ತಿರಲಿಲ್ಲ. ಎರಡು ಕೊಳಗ ಇಟ್ಟುಕೊಂಡೇ ಒಬ್ಬ ಮನುಷ್ಯ ಒಳ್ಳೆಯವನಾಗಿರಬಹುದಾಗಿತ್ತು ಎಂಬುದೇ ಆ ವ್ಯವಸ್ಥೆಯ ಚಮತ್ಕಾರ.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ನಾಚಿಕೆಯಿಂದ ಮುಚ್ಚಿಡಬಹುದಿತ್ತು. 1951ರ ಏಪ್ರಿಲ್‌ನಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದಕ್ಕೆ ಕಾರಣವಾದ ದೂರುಗಳಲ್ಲಿ ಈ ಕೊಳಗವೂ ಒಂದು. ಗೇಣಿ ಅಳೆಯುವ ಕೊಳಗ ದೊಡ್ಡದು, ಸರಿಯಾದ ಕೊಳಗದಿಂದ ಅಳೆಯಿರಿ ಎಂದರು, ಅಷ್ಟೇ. ರಾಜನನ್ನು ಇಳಿಸಿ ಎನ್ನಲಿಲ್ಲ, ಅರಮನೆ ಸುಡುತ್ತೇವೆ ಎನ್ನಲಿಲ್ಲ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರು ಬಂದರು. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. ನೂರಾರು ವರ್ಷ "ಸಂತೋಷದಿಂದ" ಅಳೆದುಕೊಟ್ಟವರು ಒಂದು ದಿನ ಸಂತೋಷವಿಲ್ಲ ಎಂದದ್ದಕ್ಕೆ ಇಷ್ಟೆಲ್ಲ ಆಯಿತು. ಅದಕ್ಕೂ ಮೊದಲು, 1830ರಲ್ಲಿ, ನಗರದ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ಕೂಟ ಸೇರಿ ದಂಗೆಯೆದ್ದಿದ್ದರು. ಮಾರನೆಯ ವರ್ಷ ಮೈಸೂರಿನ ಆಡಳಿತವೇ ಇಂಗ್ಲಿಷರ ಕೈಗೆ ಹೋಯಿತು. ಆದರೆ ಆ ದಂಗೆಯವರಿಗೂ ಒಬ್ಬ ರಾಜ ಬೇಕಾಯಿತು! ಕೆಳದಿಯ ವಾರಸುದಾರ ನಾನೇ ಎಂದು ಬಂದ ಬೂದಿ ಬಸವಪ್ಪನ ಹಿಂದೆ ಹೋದರು. ಕಾಗೋಡಿನವರಿಗೆ ರಾಜ ಬೇಕಾಗಲಿಲ್ಲ, ಸರಿಯಾದ ಕೊಳಗ ಸಾಕಾಯಿತು. 121 ವರ್ಷದಲ್ಲಿ ಆದ ಬದಲಾವಣೆ ಅದು.

1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ತಂದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಒಂದು ರಾತ್ರಿ ನಮ್ಮ ಗೇಣಿದಾರರು ಬಂದು ಅಂಗಳದಲ್ಲಿ ನಿಂತರು. ಜಗಲಿ ಹತ್ತಲಿಲ್ಲ, ಅದುವರೆಗೆ ಹತ್ತಿದವರೂ ಅಲ್ಲ. "ಅಯ್ಯಾ, ನಾಳೆ ಡಿಕ್ಲರೇಷನ್ ಹಾಕ್ತೀನಿ. ಹೇಳದೆ ಹಾಕಿದರೆ ತಪ್ಪಾಗ್ತದೆ ಅಂತ ಬಂದೆ" ಎಂದರು. ನಮ್ಮ ತಂದೆ ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮನುಷ್ಯ ಕತ್ತಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಕಿಟಕಿಯಿಂದ ನೋಡುತ್ತಿದ್ದ ನಾನೂ ಹೊರಗೆ ಹೋಗಲಿಲ್ಲ.

ಗದ್ದೆ ಅವರದಾಯಿತು. "ಉಂಡ ಮನೆಗೆ ಎರಡು ಬಗೆದ" ಎಂದು ನಮ್ಮ ತಂದೆ ಸಾಯುವವರೆಗೂ ಹೇಳುತ್ತಿದ್ದರು. ಯಾರ ಮನೆಯನ್ನು ಯಾರು ಉಂಡದ್ದು ಎಂದು ಒಂದು ದಿನವಾದರೂ ಅವರನ್ನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಅವರಿಗೆ ಓದಲಾಗದ ಕಾಲದಲ್ಲಿ. ಇದು ದೊಡ್ಡ ಧೈರ್ಯವೆಂದು ವಾಚಕರು ಭಾವಿಸುವುದು ಬೇಡ.

ಆ ಕಾಲದಲ್ಲಿ ಎಲ್ಲರೂ ಅವರವರ ಜಾಗದಲ್ಲಿ ನೆಮ್ಮದಿಯಾಗಿದ್ದರು ಎಂದು ಹೇಳುವ ಸಭ್ಯ ಗೃಹಸ್ಥರು ನನಗೆ ಶಿವಮೊಗ್ಗೆಯ ಮದುವೆಮನೆಗಳಲ್ಲಿ ಇಂದಿಗೂ ಸಿಗುತ್ತಾರೆ. ಅವರನ್ನು ನಾನು ಕೇಳುವುದು ಇಷ್ಟೇ: ಅಂಥ ರಾಜ್ಯವನ್ನು ಕಲ್ಪಿಸಿಕೊಳ್ಳುವಾಗ ಸ್ವಾಮಿ, ನೀವು ಯಾವ ಪಾತ್ರದಲ್ಲಿರುತ್ತೀರಿ? ಇದುವರೆಗೆ ಯಾರೂ ತೋಟಿ ಎಂದಿಲ್ಲ.

ಇಷ್ಟೆಲ್ಲ ಮೇಷ್ಟರಿಗೆ ಹೇಳಿದೆ. ತಾಳ್ಮೆಯಿಂದ ಕೇಳಿದರು. "ಸಾರ್, ಮಕ್ಕಳ ನಾಟಕಕ್ಕೆ ಇಷ್ಟು ಭಾರ ಬೇಕೇ?" ಎಂದರು. ಮಕ್ಕಳ ನಾಟಕವಾದ್ದರಿಂದಲೇ ಬೇಕು ಎಂದೆ. ದೊಡ್ಡವರಿಗೆ ಸುಳ್ಳು ಹೇಳಿದರೆ ಅವರು ಅರ್ಧ ನಂಬಿ ಅರ್ಧ ಬಿಡುತ್ತಾರೆ.

ಪಾತ್ರ ಹಂಚಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ರಾಜನ ಪಾತ್ರ ನಮ್ಮ ಹಳೆಯ ಗೇಣಿದಾರರ ಮರಿಮಗನಿಗೆ. ಚೆಂದದ ಹುಡುಗ, ಕಂಠವೂ ಚೆನ್ನಾಗಿದೆ. ಮನೆಯವರಿಗೆ ಅಡಿಕೆ ತೋಟವಿದೆ, ಕಿರೀಟವನ್ನು ಅವರೇ ಮಾಡಿಸಿಕೊಟ್ಟರು. ರೈತನ ಪಾತ್ರ ಮೀಸೆ ಅಂಟಿಸಿಕೊಂಡ ನನ್ನ ಮೊಮ್ಮಗಳಿಗೆ. ಕಾಲಚಕ್ರ ಉರುಳಿತೆಂದು ನಕ್ಕುಬಿಡಬಹುದಾಗಿತ್ತು. ಆದರೆ ಆ ತೋಟದಲ್ಲಿ ಕೊನೆ ತೆಗೆಯಲು ದೂರದ ಜಿಲ್ಲೆಯಿಂದ ಬಂದು ಶೆಡ್ಡಿನಲ್ಲಿರುವವರ ಇಬ್ಬರು ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತವೆ. 1974ರ ಕಾನೂನು ಗೇಣಿದಾರನನ್ನು ಕಂಡಿತು, ಅವನ ಹಿಂದೆ ನಿಂತ ಕೂಲಿಯವನನ್ನು ಅಷ್ಟಾಗಿ ಕಾಣಲಿಲ್ಲ. ಆ ಇಬ್ಬರು ಮಕ್ಕಳ ಹೆಸರು ಪಾತ್ರಗಳ ಪಟ್ಟಿಯಲ್ಲಿರಲಿಲ್ಲ. ವಿಚಾರಿಸಿದಾಗ, ಅವರು ಪರದೆ ಎಳೆಯುತ್ತಾರೆ, ಸುಗ್ಗಿ ಮುಗಿದರೆ ಹೊರಟುಹೋಗುತ್ತಾರಲ್ಲ ಸಾರ್, ಮಾತು ಕೊಟ್ಟರೆ ಕಷ್ಟ ಎಂದರು ಮೇಷ್ಟರು.

ನಾಟಕದ ದಿನ ನಾನೂ ಹೋಗಿ ಕುಳಿತೆ. ಕಂಸದೊಳಗಿನ ಮಾತು ಹಾಗೆಯೇ ಉಳಿದಿತ್ತು. ಮೊಮ್ಮಗಳು ಹಲ್ಲು ಕಾಣುವಂತೆ ನಕ್ಕು ಮಾತು ಒಪ್ಪಿಸಿದಳು, ಜನ ಚಪ್ಪಾಳೆ ತಟ್ಟಿದರು. ಕೊಳ್ಳುವ ಕೊಳಗವನ್ನು ಅವಳೇ ಹಟ ಮಾಡಿ ಶಾಲೆಗೆ ಒಯ್ದಿದ್ದಳು. ಕಣದ ದೃಶ್ಯದಲ್ಲಿ ಇಡುತ್ತಾರೆಂದು ನಾನು ತಿಳಿದಿದ್ದೆ. ಅದಕ್ಕೆ ಸುತ್ತಲೂ ಬಂಗಾರದ ಬಣ್ಣದ ಕಾಗದ ಅಂಟಿಸಿ ಸಿಂಹಾಸನದ ಪಕ್ಕದಲ್ಲಿ ರಾಜಭಂಡಾರವೆಂದು ಇಟ್ಟಿದ್ದರು. ಈಗ ಮನೆಗೆ ಬಂದಿದೆ. ಬಿಸಿನೀರು ಹಾಕಿ ಉಜ್ಜಿದೆ. ಕಾಗದ ಅಲ್ಲಲ್ಲಿ ಬಿಟ್ಟಿದೆ, ಹಿತ್ತಾಳೆಯ ಪಟ್ಟಿಯ ಸಂದಿನಲ್ಲಿ ಇನ್ನೂ ಹಿಡಿದುಕೊಂಡಿದೆ.